ಲಗ್ನಪತ್ರಿಕೆಯ ತಾರೀಖು

ನಮ್ಮಲ್ಲಿ ಬಹಳ ಮಂದಿ ಹೆಂಗಸರಿಗೆ ಕೋರ್ಟು ಎಂದರೆ ಸಿನಿಮಾದಲ್ಲಿ ಕಂಡ ಕೋರ್ಟೇ. ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡ ದೇವತೆ, ಸುತ್ತಿಗೆ ಕುಟ್ಟಿ ‘ಆರ್ಡರ್, ಆರ್ಡರ್’ ಎನ್ನುವ ಜಡ್ಜು, ಇನ್ನೇನು ತೀರ್ಪು ಬರುತ್ತದೆ ಎನ್ನುವಾಗ ಬಾಗಿಲಲ್ಲಿ ನಿಂತು ‘ನಿಲ್ಲಿಸಿ’ ಎಂದು ಕೂಗುವ ಸಾಕ್ಷಿ. ಕಾನೂನು ಕಾಲೇಜಿಗೆ ಸೇರುವವರೆಗೆ ನನಗೂ ಗೊತ್ತಿದ್ದದ್ದು ಅಷ್ಟೇ. ಮನೆಯಲ್ಲಿ ಕೋರ್ಟಿನ ಮಾತು ಬಂದರೆ ಅಜ್ಜಿ ‘ಗೆದ್ದವನು ಸೋತ, ಸೋತವನು ಸತ್ತ’ ಎಂದು ಗಾದೆ ಹೇಳಿ ಅಲ್ಲಿಗೆ ಮಾತು ಮುಗಿಸಿಬಿಡುತ್ತಿದ್ದರು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಹತ್ತಬಾರದ ಮೆಟ್ಟಿಲುಗಳಲ್ಲಿ ಕೋರ್ಟಿನ ಮೆಟ್ಟಿಲೂ ಒಂದು ಎಂಬುದು ನಮ್ಮ ಮನೆಯ ಅಲಿಖಿತ ಕಾಯಿದೆ.

ಆದರೆ ಓದು ಆ ಮೆಟ್ಟಿಲನ್ನು ಹತ್ತಿಸಿತು. ಕಾನೂನು ವಿದ್ಯಾರ್ಥಿಗಳಿಗೆ ಬರಿಯ ಪುಸ್ತಕ ಸಾಲದು, ಪ್ರಾಯೋಗಿಕ ತರಬೇತಿಯೂ ಬೇಕು ಎಂದು ಭಾರತೀಯ ವಕೀಲರ ಪರಿಷತ್ತು 1997ರಲ್ಲಿ ಗೊತ್ತುಮಾಡಿತು. 1998-99ರ ಶೈಕ್ಷಣಿಕ ವರ್ಷದಿಂದ ಅದು ಕಡ್ಡಾಯವಾಯಿತು. ಅದರಲ್ಲಿ ಒಂದು ಭಾಗವೆಂದರೆ, ಪ್ರತಿ ವಿದ್ಯಾರ್ಥಿಯೂ ಒಂದು ಸಿವಿಲ್ ಕೇಸು, ಒಂದು ಕ್ರಿಮಿನಲ್ ಕೇಸಿನ ವಿಚಾರಣೆಯನ್ನು ಕೋರ್ಟಿನಲ್ಲೇ ಕೂತು ನೋಡಬೇಕು, ನಡೆದದ್ದನ್ನು ಹಂತಹಂತವಾಗಿ ಬರೆದಿಡಬೇಕು. ಅದಕ್ಕೆ 30 ಅಂಕ. ವಿಜ್ಞಾನ ಓದುವ ಹುಡುಗಿಯರು ಜಿರಲೆ ಕೊಯ್ದು ರೆಕಾರ್ಡ್ ಬರೆದ ಹಾಗೆ ನಾವು ಕೇಸು ನೋಡಿ ರೆಕಾರ್ಡ್ ಬರೆಯಬೇಕಾಗಿ ಬಂತು. ಹೀಗೆ ಬರೆದ ಮೊದಲ ತಂಡಗಳಲ್ಲಿ ನಮ್ಮದೂ ಒಂದು.

1999ರ ಫೆಬ್ರವರಿಯಲ್ಲಿ, ನಮ್ಮ ಜಿಲ್ಲಾ ಕೇಂದ್ರದ ಕೋರ್ಟಿಗೆ ಇಬ್ಬರು ಗೆಳತಿಯರೊಡನೆ ಹೋದೆ. ಆವರಣದಲ್ಲಿ ಹುಣಸೇಮರ, ಅದರ ಕೆಳಗೆ ಟೈಪು ಮಾಡುವವರು, ಛಾಪಾ ಕಾಗದ ಮಾರುವವರು, ಕಂಕುಳಲ್ಲಿ ಫೈಲು ಇಟ್ಟುಕೊಂಡು ಓಡಾಡುವ ವಕೀಲರ ಗುಮಾಸ್ತರು. ಹಳ್ಳಿಯಿಂದ ಬಂದ ಜನ ಬಟ್ಟೆ ಅಂಗಡಿಯ ಚೀಲದಲ್ಲಿ ಪಹಣಿ, ಪಟ್ಟೆ, ಹಳೆಯ ಕ್ರಯಪತ್ರಗಳನ್ನು ಮಡಿಸಿ ತಂದಿದ್ದರು. ಮದುವೆ ಸೀರೆ ತಂದ ಚೀಲದಲ್ಲೇ ಮನೆ ಒಡೆಯುವ ಕಾಗದವನ್ನೂ ತರುತ್ತಾರಲ್ಲ ಎಂದು ಗೆಳತಿ ನಕ್ಕಳು.

ಸಿವಿಲ್ ಜಡ್ಜರ ಕೋರ್ಟು ಹಾಲಿನ ಕೊನೆಯ ಬೆಂಚಿನಲ್ಲಿ ಕೂತೆವು. ಅಲ್ಲಿ ಕಪ್ಪು ಬಟ್ಟೆಯ ದೇವತೆ ಇರಲಿಲ್ಲ, ಸುತ್ತಿಗೆಯೂ ಇರಲಿಲ್ಲ. ಗರಗರ ತಿರುಗುವ ಎರಡು ಫ್ಯಾನು, ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಫೈಲುಗಳ ಗುಡ್ಡೆ, ಜಡ್ಜರ ಮುಂದೆ ಬೆಂಚ್ ಕ್ಲರ್ಕು, ಪಕ್ಕದಲ್ಲಿ ಟೈಪಿಸ್ಟು. ಬಾಗಿಲಲ್ಲಿ ನಿಂತಿದ್ದ ದಫೇದಾರರು ನಮ್ಮ ಹತ್ತಿರ ಬಂದು ಮೆಲ್ಲಗೆ, “ಯಾವ ಕೇಸಮ್ಮಾ ನಿಮ್ಮದು?” ಎಂದರು. “ಯಾವ ಕೇಸೂ ಇಲ್ಲ, ನೋಡೋಕೆ ಬಂದಿದ್ದೀವಿ” ಎಂದೆ. “ಕೇಸಿಲ್ಲದೆ ಕೋರ್ಟಿಗೆ ಬಂದೋರನ್ನ ಇವತ್ತೇ ನೋಡಿದ್ದು ಕಣಮ್ಮಾ” ಎಂದು ನಗುತ್ತಾ ಹೋದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಆ ಹಾಲಿಗೆ ಹೆಣ್ಣೊಬ್ಬಳು ಬಂದರೆ ಅವಳಿಗೇನೋ ಕಷ್ಟ ಬಂದಿದೆ ಎಂದೇ ಅರ್ಥವಾಗಿತ್ತು.

ಆದರೆ ಆ ಕೊನೆಯ ಬೆಂಚಿನಲ್ಲಿ ಕೂರುವ ಹಕ್ಕು ಯಾರಿಗೂ ಉಂಟು. ಕೋರ್ಟು ತೆರೆದ ಬಾಗಿಲಿನದಾಗಿರಬೇಕು, ಜಾಗವಿರುವಷ್ಟು ಮಟ್ಟಿಗೆ ಸಾರ್ವಜನಿಕರು ಬರಬಹುದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 153-ಬಿ ಸೆಕ್ಷನ್ ಹೇಳುತ್ತದೆ. ಕ್ರಿಮಿನಲ್ ಕೇಸುಗಳಿಗೆ ಹಿಂದೆ 1973ರ ದಂಡ ಪ್ರಕ್ರಿಯಾ ಸಂಹಿತೆಯ 327ನೇ ಸೆಕ್ಷನ್ ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 366ನೇ ಸೆಕ್ಷನ್ ಬಂದಿದೆ. ಅತ್ಯಾಚಾರದ ಕೇಸುಗಳ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕೆಂದು 1983ರಲ್ಲಿ ತಿದ್ದುಪಡಿಯಾಯಿತು. ಗಂಡ ಹೆಂಡಿರ ಕೆಲವು ವಿಚಾರಗಳಿಗೂ ಅಂಥ ಮರೆ ಉಂಟು. ಉಳಿದಂತೆ ಬಾಗಿಲು ತೆರೆದದ್ದೇ. ಹತ್ತು ಜನರ ಕಣ್ಣೆದುರು ನಡೆಯುವ ನ್ಯಾಯದಲ್ಲಿ ಮೋಸಕ್ಕೆ ಎಡೆ ಕಡಿಮೆ ಎಂಬ ನಂಬಿಕೆ ಇದರ ಹಿಂದಿದೆ.

ಈ ತೆರೆದ ಬಾಗಿಲಿನ ಕಥೆಯಲ್ಲಿ ಹೆಂಗಸರ ಪಾಲು ಬೇರೆಯೇ. 1908ರ ಸಿವಿಲ್ ಸಂಹಿತೆಯ 132ನೇ ಸೆಕ್ಷನ್ ಓದಿದಾಗ ನನಗೆ ಆಶ್ಚರ್ಯವಾಗಿತ್ತು. ರೂಢಿಯ ಪ್ರಕಾರ ಹೊರಗೆ ಕಾಣಿಸಿಕೊಳ್ಳಬಾರದ ಹೆಂಗಸರು ಖುದ್ದಾಗಿ ಕೋರ್ಟಿಗೆ ಬರಬೇಕಾಗಿಲ್ಲ ಎಂದು ಅದು ವಿನಾಯಿತಿ ಕೊಡುತ್ತದೆ. ಅದು ಮರ್ಯಾದೆಯೂ ಹೌದು, ಕಟ್ಟೂ ಹೌದು. ಪರದೆಯೊಳಗಿನ ಹೆಂಗಸರ ಆಸ್ತಿಯ ವಿಚಾರವನ್ನು ಅವರ ಪರವಾಗಿ ಯಾರು ಹೇಳಬೇಕು? ಗಂಡಸರೇ. ಯಾರ ಮೇಲೆ ದೂರೋ ಆ ಗಂಡಸೇ ಎಷ್ಟೋ ಸಲ ಅವಳ ಪರವಾಗಿ ಮಾತಾಡುವವನೂ ಆಗಿರುತ್ತಿದ್ದ.

ಇದನ್ನು ಕಣ್ಣಾರೆ ಕಂಡು ಕಾನೂನು ಓದಿದವರು ನಾಸಿಕದಲ್ಲಿ 1866ರಲ್ಲಿ ಹುಟ್ಟಿದ ಕಾರ್ನೇಲಿಯಾ ಸೊರಾಬ್ಜಿ. ಆಕ್ಸ್‌ಫರ್ಡ್‌ನಲ್ಲಿ 1892ರಲ್ಲಿ ಕಾನೂನು ಪರೀಕ್ಷೆ ಬರೆದರು. ಆದರೆ ಆ ವಿಶ್ವವಿದ್ಯಾನಿಲಯ ಹೆಂಗಸರಿಗೆ ಪದವಿ ಕೊಡಲು ಶುರುಮಾಡಿದ್ದೇ 1920ರಲ್ಲಿ. 1904ರಿಂದ ಅವರು ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ಪರದೆಯ ಹೆಂಗಸರಿಗೆ ಸಲಹೆ ಕೊಡುವ ಅಧಿಕಾರಿಯಾಗಿ ದುಡಿದರು. ವಕೀಲೆಯ ಸನ್ನದು ಮಾತ್ರ ದೂರವೇ ಇತ್ತು. 1916ರಲ್ಲಿ ರೆಜಿನಾ ಗುಹಾ ಎಂಬ ಕಾನೂನು ಪದವೀಧರೆ ಸನ್ನದು ಕೇಳಿದಾಗ, ಕಾಯಿದೆಯಲ್ಲಿನ ‘ವ್ಯಕ್ತಿ’ ಎಂಬ ಮಾತಿನಲ್ಲಿ ಹೆಂಗಸು ಸೇರುವುದಿಲ್ಲ ಎಂದು ಕಲ್ಕತ್ತಾ ಹೈಕೋರ್ಟು ಹೇಳಿತು. ಪಟ್ನಾದಲ್ಲಿ ಸುಧಾಂಶುಬಾಲಾ ಹಾಜರಾ ಅವರಿಗೂ 1921ರಲ್ಲಿ ಅದೇ ಉತ್ತರ. ಆದರೆ ಅದೇ ವರ್ಷ ಅಲಹಾಬಾದ್ ಹೈಕೋರ್ಟು ಸೊರಾಬ್ಜಿಯವರನ್ನು ವಕೀಲೆಯಾಗಿ ಸೇರಿಸಿಕೊಂಡಿತು. 1923ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿ, ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ವಕೀಲಿಯಿಂದ ಹೊರಗಿಡುವಂತಿಲ್ಲ ಎಂದು ಬರೆಯಬೇಕಾಯಿತು. ತಿರುವಾಂಕೂರಿನಲ್ಲಿ ಅನ್ನಾ ಚಾಂಡಿ 1937ರಲ್ಲಿ ಮುನ್ಸೀಫರಾದರು, 1959ರಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿಗಳಾದರು. 1989ರಲ್ಲಿ ಫಾತಿಮಾ ಬೀವಿ ಸುಪ್ರೀಂ ಕೋರ್ಟಿಗೆ ಬಂದ ಮೊದಲ ಮಹಿಳೆ. ನಾವು ಮೂವರು ಆ ಬೆಂಚಿನಲ್ಲಿ ಕೂತಿದ್ದಾಗ ನಮ್ಮ ಕರ್ನಾಟಕ ಹೈಕೋರ್ಟಿಗೆ ಇನ್ನೂ ಒಬ್ಬ ಮಹಿಳಾ ನ್ಯಾಯಮೂರ್ತಿಯೂ ಬಂದಿರಲಿಲ್ಲ. ಬಳ್ಳಾರಿಯ ಮಂಜುಳಾ ಚೆಲ್ಲೂರ್ ಅವರು ಆ ಪೀಠಕ್ಕೆ ಬಂದದ್ದು ಮರುವರ್ಷ, 2000ದಲ್ಲಿ.

ನನಗೆ ಸಿಕ್ಕಿದ ಸಿವಿಲ್ ಕೇಸು ಒಂದು ವಿಭಾಗದ ದಾವೆ. ದಫೇದಾರರು ಬಾಗಿಲಾಚೆ ಮುಖ ಮಾಡಿ ಹೆಸರನ್ನು ಮೂರು ಸಲ ಕೂಗಿದರು. ಹಣೆಗೆ ದೊಡ್ಡ ಕುಂಕುಮವಿಟ್ಟ, ನಲವತ್ತರ ಹತ್ತಿರದ ಹೆಂಗಸೊಬ್ಬಳು ಕಟಕಟೆ ಹತ್ತಿದಳು. ಜೊತೆಗೆ ಬಂದ ತಂಗಿ ಕೆಳಗೆ ಬೆಂಚಿನಲ್ಲಿ ಕೂತಳು, ಅವಳ ಮಡಿಲಲ್ಲಿ ಇಬ್ಬರ ಊಟದ ಡಬ್ಬಿ. ಎದುರುಗಡೆ, ಕೈಕಟ್ಟಿ ನೆಲ ನೋಡುತ್ತಾ ನಿಂತವನು ಇವರಿಬ್ಬರ ಅಣ್ಣ. ಅಪ್ಪ 1996ರಲ್ಲಿ ತೀರಿಕೊಂಡಿದ್ದ, ತಾಯಿ ಅದಕ್ಕೂ ಮೊದಲೇ ಹೋಗಿದ್ದಳು. ಪಿತ್ರಾರ್ಜಿತ ಜಮೀನು ಒಂಬತ್ತು ಎಕರೆ. ಅಕ್ಕ ತಂಗಿಯರು ಪಾಲು ಕೇಳಿದ್ದರು, ಅಣ್ಣ ಇಲ್ಲವೆಂದಿದ್ದ.

ಆಗಿನ್ನೂ ಮುಖ್ಯ ವಿಚಾರಣೆಯೂ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಅದು ಪ್ರಮಾಣಪತ್ರದ ರೂಪದಲ್ಲಿ ಬರತೊಡಗಿದ್ದು 2002ರ ತಿದ್ದುಪಡಿಯ ನಂತರ. ದೇವರ ಹೆಸರಿನಲ್ಲಿ ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸಿದರು. ಗೀತೆಯ ಮೇಲೆ ಕೈ ಇಡಿಸಲಿಲ್ಲ. ಅದು ಸಿನಿಮಾದವರ ಶಾಸ್ತ್ರ, 1969ರ ಪ್ರಮಾಣ ಕಾಯಿದೆಯಲ್ಲಿ ಮಾತು ಮಾತ್ರ ಉಂಟು.

ನನ್ನನ್ನು ಮೊದಲು ಹಿಡಿದಿಟ್ಟದ್ದು ಮಾತು ಬರಹವಾಗುವ ಬಗೆ. ಆಕೆ ಒಂದು ಪ್ರಶ್ನೆಗೆ ಉತ್ತರ ಶುರುಮಾಡಿದರೆ ಅಪ್ಪನ ಕಾಯಿಲೆ, ತಾನು ಹೊತ್ತುಕೊಂಡು ಹೋದ ಗಂಜಿ, ಅತ್ತಿಗೆ ಆಡಿದ ಮಾತು, ಎಲ್ಲ ಬರುತ್ತಿತ್ತು. ಜಡ್ಜರು ಸಹನೆಯಿಂದ ಕೇಳಿ, ಟೈಪಿಸ್ಟಿನ ಕಡೆ ತಿರುಗಿ ಒಂದೇ ವಾಕ್ಯ ಹೇಳುತ್ತಿದ್ದರು. “ನನ್ನ ತಂದೆಯನ್ನು ಕೊನೆಗಾಲದಲ್ಲಿ ನಾನೂ ನೋಡಿಕೊಂಡಿರುತ್ತೇನೆ.” ಮೂರು ವರ್ಷದ ಗಂಜಿ ಒಂದು ವಾಕ್ಯದಲ್ಲಿ ಮುಗಿಯಿತು. ಪಾಟೀಸವಾಲು ಬಂದಾಗ ಇನ್ನೂ ಬಿಗಿ. ಅಣ್ಣನ ಕಡೆಯ ವಕೀಲರು ಕೇಳಿದ್ದಕ್ಕೆಲ್ಲ ಎರಡೇ ಉತ್ತರ ದಾಖಲಾಗುತ್ತಿತ್ತು: ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’.

“ನಿಮ್ಮ ಮದುವೆ 1989ರಲ್ಲಿ ಆಯ್ತು?”

“ಹೌದು ಸ್ವಾಮಿ, ವೈಶಾಖದಲ್ಲಿ.”

“ಖರ್ಚೆಲ್ಲ ನಿಮ್ಮ ತಂದೇನೇ ಮಾಡಿದ್ರು. ಒಡವೆ ಹಾಕಿದ್ರು.”

“ಓಲೆ, ಸರ, ಎರಡು ಬಳೆ ಹಾಕಿದ್ರು. ಬಳೆ ಅಣ್ಣನ ಬೋರ್‌ವೆಲ್ಲಿಗೆ ಅಂತ ವಾಪಸು ಕೊಟ್ಟೆ.”

“ಕೇಳಿದ್ದಕ್ಕೆ ಮಾತ್ರ ಹೇಳಿ. ಹಾಕಿದ್ರು ಅಂದ್ರೆ ಸರೀನಾ?”

“ಸರಿ.”

ಬಳೆ ವಾಪಸು ಹೋದದ್ದನ್ನು ಆಮೇಲೆ ಅವಳ ವಕೀಲರು ಎದ್ದುನಿಂತು ದಾಖಲು ಮಾಡಿಸಿದರು. ಅಣ್ಣ ಮಾತ್ರ ಇನ್ನೂ ನೆಲವನ್ನೇ ನೋಡುತ್ತಿದ್ದ. ಕೋರ್ಟಿನಲ್ಲಿ ಒಡಹುಟ್ಟಿದವರನ್ನು ನೋಡುವುದು ಕಷ್ಟ. ಅಲ್ಲಿ ಅಣ್ಣನಿಗೆ ‘ಪ್ರತಿವಾದಿ’ ಎಂದು ಹೆಸರು.

ಆಮೇಲೆ ವಕೀಲರು ತಂಗಿಯ ಮದುವೆಗೆ ಬಂದರು. ಅದು 1994ರ ಜೂನ್‌ನಲ್ಲಿ, ಜ್ಯೇಷ್ಠದಲ್ಲೇ ದೇವಸ್ಥಾನದಲ್ಲಿ ಆಗಿಹೋಯಿತು, ಸರಿಯೇ ಎಂದು ಕೇಳಿದರು. ಅಕ್ಕ ತಲೆಯಾಡಿಸಿದಳು. “ಸರಿಯಲ್ಲ ಸ್ವಾಮಿ. ಜ್ಯೇಷ್ಠದಲ್ಲಿ ಗೊತ್ತಾಗಿತ್ತು. ಗಂಡಿನ ಮನೇಲಿ ಸೂತಕ ಬಂತು. ಆಷಾಢ ಕಳೆದು ಶ್ರಾವಣದಲ್ಲಿ ಮಾಡಿದ್ವಿ. ನಾನೇ ಆರತಿ ಎತ್ತಿದ್ದು.” ಅವಳ ವಕೀಲರು ಒಂದು ಲಗ್ನಪತ್ರಿಕೆ ತೆಗೆದು ಮುಂದಿಟ್ಟರು. ನಾಲ್ಕು ಮೂಲೆಗೂ ಹಚ್ಚಿದ ಅರಿಶಿನ ಮಾಸಿ ಕಂದುಬಣ್ಣವಾಗಿತ್ತು. ಮೇಲೆ ಗಣಪತಿ, ಕೆಳಗೆ ‘ಆಗಮನಾಭಿಲಾಷಿಗಳು’ ಎಂಬಲ್ಲಿ ಅದೇ ಅಣ್ಣನ ಹೆಸರು. ಬೆಂಚ್ ಕ್ಲರ್ಕು ಅದರ ಮೇಲೆ ಮೊಹರು ಒತ್ತಿ ‘ನಿ.ಪಿ. 7’ ಎಂದು ಗುರುತು ಹಾಕಿದರು. ನಾನು ರೆಕಾರ್ಡ್ ಪುಸ್ತಕದಲ್ಲಿ ‘ನಿಶಾನೆ 7, ವಿವಾಹ ಆಹ್ವಾನ ಪತ್ರಿಕೆ’ ಎಂದು ಬರೆದುಕೊಂಡೆ. ಒಂದು ಮದುವೆ ಯಾವ ತಿಂಗಳಲ್ಲಾಯಿತು ಎಂಬುದಕ್ಕೆ ಇಷ್ಟೊಂದು ಜಗಳವೇಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಮಧ್ಯಾಹ್ನ, ಕ್ಯಾಂಟೀನಿನಲ್ಲಿ. ನಮಗೆ ಮಾರ್ಗದರ್ಶನ ಮಾಡುತ್ತಿದ್ದ ಹಿರಿಯ ವಕೀಲರು ಟೀ ಕುಡಿಯುತ್ತಾ ಎಲ್ಲವನ್ನೂ ಬಿಡಿಸಿ ಹೇಳಿದರು.

ಅದಕ್ಕೆ ಸ್ವಲ್ಪ ಹಿಂದಿನ ಚರಿತ್ರೆ ಬೇಕು. ಹೆಣ್ಣುಮಕ್ಕಳ ಆಸ್ತಿಯ ವಿಚಾರದಲ್ಲಿ ನಮ್ಮ ಮೈಸೂರು ಸಂಸ್ಥಾನ ಮುಂದೆ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1933ರಲ್ಲೇ, ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆ ಇಲ್ಲಿ ಬಂತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಆಸ್ತಿಯ ಹಕ್ಕು ಕೊಟ್ಟ ಕಾಯಿದೆ ಬಂದದ್ದು ಅದಕ್ಕೆ ನಾಲ್ಕು ವರ್ಷದ ಮೇಲೆ, 1937ರಲ್ಲಿ. ಮೈಸೂರಿನ ಕಾಯಿದೆ ವಿಭಾಗವಾಗುವಾಗ ವಿಧವೆ, ತಾಯಿ, ಮದುವೆಯಾಗದ ಹೆಣ್ಣುಮಕ್ಕಳು ಇವರಿಗೂ ಪಾಲು ಇಟ್ಟಿತು. ಗಂಡುಮಗನಷ್ಟು ಅಲ್ಲ, ಅವನಿಗಿಂತ ಕಡಿಮೆ. ಮದುವೆಯಾಗಿ ಹೋದವಳಿಗೆ ಇಲ್ಲ.

1956ರಲ್ಲಿ ಇಡೀ ದೇಶಕ್ಕೆ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. ಅಪ್ಪನ ಸ್ವಂತ ಪಾಲಿನಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದಿತು, ಅವಳಿಗೆ ಮದುವೆಯಾಗಿರಲಿ ಬಿಡಲಿ. ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಗಂಡುಮಕ್ಕಳದೇ ಆಗಿ ಉಳಿಯಿತು. ಅದನ್ನು ಸರಿಪಡಿಸಲು ರಾಜ್ಯಗಳು ಒಂದೊಂದಾಗಿ ಹೊರಟವು. ಕೇರಳ 1976ರಲ್ಲಿ ಅವಿಭಕ್ತ ಕುಟುಂಬದ ಪದ್ಧತಿಯನ್ನೇ ತೆಗೆದುಹಾಕಿತು. ಆಂಧ್ರ ಪ್ರದೇಶ, ತಮಿಳುನಾಡು, ಮಹಾರಾಷ್ಟ್ರಗಳು ಮಗಳನ್ನೂ ಹುಟ್ಟಿನಿಂದ ಹಕ್ಕುಳ್ಳವಳೆಂದು ತಿದ್ದಿದವು. ನಮ್ಮಲ್ಲಿ 1990ರ ಹೆಸರು ಹೊತ್ತ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಆಂಧ್ರ, ತಮಿಳುನಾಡು, ಮಹಾರಾಷ್ಟ್ರಗಳಂತೆ ನಮ್ಮದರಲ್ಲೂ ಒಂದು ಷರತ್ತು ಸೇರಿಕೊಂಡಿತ್ತು: ಆ ದಿನಕ್ಕಿಂತ ಮೊದಲೇ ಮದುವೆಯಾದ ಮಗಳಿಗೆ ಈ ಹಕ್ಕು ಇಲ್ಲ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ನಮ್ಮ ಗಾದೆಯನ್ನೇ ಕಾಯಿದೆಯ ಭಾಷೆಯಲ್ಲಿ ಬರೆದು, ಕೆಳಗೆ ಒಂದು ತಾರೀಖು ಹಾಕಿದಂತಾಯಿತು.

ಹಿರಿಯ ವಕೀಲರು ಸಿಗರೇಟು ಪ್ಯಾಕಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಒಂಬತ್ತು ಎಕರೆ, ಮೂವರು ಮಕ್ಕಳು. ತಂಗಿಯ ಮದುವೆ ಜ್ಯೇಷ್ಠದಲ್ಲೇ ಆಗಿತ್ತೆನ್ನಿ. ಆಗ ಹುಟ್ಟಿನ ಹಕ್ಕು ಅಪ್ಪ, ಮಗ ಇಬ್ಬರಿಗೇ. ತಲಾ ನಾಲ್ಕೂವರೆ ಎಕರೆ. ಅಪ್ಪನ ನಾಲ್ಕೂವರೆ ಮೂವರು ಮಕ್ಕಳಿಗೂ ಸಮನಾಗಿ ಹಂಚಿದರೆ ತಲಾ ಒಂದೂವರೆ. ಅಣ್ಣನಿಗೆ ಒಟ್ಟು ಆರು, ಅಕ್ಕನಿಗೆ ಒಂದೂವರೆ, ತಂಗಿಗೆ ಒಂದೂವರೆ. ತಂಗಿಯ ಮದುವೆ ಶ್ರಾವಣದಲ್ಲಾಗಿದ್ದರೆ, ಜುಲೈ 30ರಂದು ಅವಳಿನ್ನೂ ಕನ್ಯೆ, ಹುಟ್ಟಿನ ಹಕ್ಕುಳ್ಳವಳು. ಆಗ ಅಪ್ಪ, ಮಗ, ಕಿರಿಯ ಮಗಳು ಮೂವರಿಗೂ ತಲಾ ಮೂರು ಎಕರೆ. ಅಪ್ಪನ ಮೂರು ಎಕರೆ ಮೂವರು ಮಕ್ಕಳಿಗೂ ಒಂದೊಂದು. ಅಣ್ಣನಿಗೆ ನಾಲ್ಕು, ತಂಗಿಗೆ ನಾಲ್ಕು. ಅಕ್ಕನಿಗೆ ಒಂದು.

ಆ ವರ್ಷ ಜುಲೈ 30 ಆಷಾಢದಲ್ಲಿ ಬಿದ್ದಿತ್ತು. ಆಷಾಢದಲ್ಲಿ ನಮ್ಮ ಕಡೆ ಯಾರು ಮದುವೆ ಮಾಡುತ್ತಾರೆ? ಹಾಗಾಗಿ ಎಷ್ಟೋ ಮನೆಗಳಲ್ಲಿ ಜ್ಯೇಷ್ಠದ ಕೊನೆಯ ಲಗ್ನಕ್ಕೂ ಶ್ರಾವಣದ ಮೊದಲ ಲಗ್ನಕ್ಕೂ ನಡುವೆ ಕಾಯಿದೆಯೇ ಬದಲಾಗಿತ್ತು. ಪಂಚಾಂಗ ನೋಡಿ ಮುಹೂರ್ತ ಇಟ್ಟ ಜೋಯಿಸರಿಗೂ ಅದು ತಿಳಿದಿರಲಾರದು. ಗಂಡಿನ ಮನೆಯ ಒಂದು ಸೂತಕದಿಂದ ಈ ತಂಗಿಗೆ ಎರಡೂವರೆ ಎಕರೆ ಹೆಚ್ಚಿತು.

ನನ್ನ ತಲೆಯಲ್ಲಿ ಉಳಿದದ್ದು ಇನ್ನೊಂದು ಲೆಕ್ಕ. ತಂಗಿಯ ಮದುವೆ ಶ್ರಾವಣದಲ್ಲಾಯಿತು ಎಂದು ಅಕ್ಕ ಹೇಳಿದ್ದರಿಂದ ಅಕ್ಕನ ಪಾಲು ಒಂದೂವರೆಯಿಂದ ಒಂದಕ್ಕೆ ಇಳಿಯುತ್ತಿತ್ತು. ಅವಳು ‘ಸರಿ’ ಎಂದಿದ್ದರೆ ಅರ್ಧ ಎಕರೆ ಉಳಿಯುತ್ತಿತ್ತು. ತನ್ನ ಮಾತಿನಿಂದ ತನಗೇ ನಷ್ಟ ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ?

ಊಟದ ಹೊತ್ತಿಗೆ ಅಕ್ಕ ತಂಗಿಯರು ಹುಣಸೇಮರದ ಕೆಳಗೆ ಡಬ್ಬಿ ಬಿಚ್ಚಿದ್ದರು. ನಲ್ಲಿಯ ಹತ್ತಿರ ಕೈತೊಳೆಯಲು ಬಂದ ಅಕ್ಕನನ್ನು ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅವಳು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, “ನೀವು ಲಾಯರ್ ಓದೋ ಮಕ್ಕಳೇನವ್ವ?” ಎಂದು ವಿಚಾರಿಸಿಕೊಂಡಳು. ಆಮೇಲೆ ಹೇಳಿದಳು: “ಗೊತ್ತು ಕಣವ್ವ. ವಕೀಲರು ಮೊದಲೇ ಹೇಳವ್ರೆ. ಶ್ರಾವಣದಲ್ಲಿ ಆದದ್ದನ್ನ ಜ್ಯೇಷ್ಠದಲ್ಲಿ ಆಯ್ತು ಅನ್ನೋಕಾಗ್ತದಾ? ಆರತಿ ಎತ್ತಿದ ಕೈ ಇದು.” ಸ್ವಲ್ಪ ತಡೆದು, “ಆದ್ರೆ ಒಂದು ನೀವೇ ಹೇಳಿ. ನಾವಿಬ್ಬರೂ ಒಂದೇ ಹೊಟ್ಟೇಲಿ ಹುಟ್ಟಿದೋರಲ್ವಾ? ಅವಳು ಮಗಳು, ನಾನು ಏನು?” ಎಂದಳು.

ಕಾಲೇಜಿನಲ್ಲಿ ಕಲಿತದ್ದರಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅವಳೂ ಉತ್ತರಕ್ಕೆ ಕಾಯಲಿಲ್ಲ, ತಂಗಿ ಕರೆದಳೆಂದು ಹೊರಟುಹೋದಳು.

ಆ ರಾತ್ರಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡರು. ತಾತ ತೀರಿಕೊಂಡ ಮೇಲೆ ಸೋದರಮಾವಂದಿರು ಬಂದು ಅಮ್ಮನಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದ ಸಂಗತಿ ನನಗೆ ತಿಳಿದದ್ದು ಆಗಲೇ. ಪ್ರತಿಯಾಗಿ ಒಂದು ಸೀರೆ, ಕಣ, ಅರಿಶಿನ ಕುಂಕುಮ ಬಂದಿತ್ತಂತೆ. “ಯಾಕಮ್ಮಾ ಹಾಕಿದೆ?” ಎಂದೆ. “ಗೌರಿಹಬ್ಬಕ್ಕೆ ಬಾಗಿನ ತಗೊಂಡು ಬರೋಕೆ ಒಬ್ಬ ಅಣ್ಣ ಬೇಕಲ್ಲೇ. ಜಮೀನು ತಗೊಂಡು ತವರಿನ ದಾರಿ ಮುಚ್ಕೊಳ್ಳೋದೇ?” ಎಂದರು. ಅಮ್ಮನ ಮಾತನ್ನು ದಡ್ಡತನ ಎನ್ನಲು ನನಗೆ ಬಾಯಿ ಬರಲಿಲ್ಲ, ಇವತ್ತಿಗೂ ಬರುವುದಿಲ್ಲ. ಅವರು ಆ ಸಹಿಗೆ ತೆತ್ತದ್ದು ಬೆಲೆ, ಪಡೆದದ್ದು ತವರು. ಆದರೆ ತವರಿಗೆ ಬೆಲೆ ತೆರಬೇಕಾದವಳು ಮಗಳೊಬ್ಬಳೇ ಏಕೆ? ಅಣ್ಣಂದಿರಿಗೆ ಅದು ಹುಟ್ಟಿದ ಮನೆ, ಪುಕ್ಕಟೆ. ಹುಣಸೇಮರದ ಕೆಳಗಿನ ಆ ಹೆಂಗಸು ಕೇಳಿದ್ದೂ, ಅಮ್ಮ ಕೇಳದೆ ಉಳಿದದ್ದೂ ಒಂದೇ ಪ್ರಶ್ನೆ.

ಮುಂದಿನ ವರ್ಷ ಆ ದಾವೆಯ ತೀರ್ಪು ಬಂತು. ಸಿಗರೇಟು ಪ್ಯಾಕಿನ ಲೆಕ್ಕದಂತೆಯೇ ನಾಲ್ಕು, ನಾಲ್ಕು, ಒಂದು. ನಿ.ಪಿ. 7ನ್ನು ನ್ಯಾಯಾಧೀಶರು ನಂಬಿದ್ದರು. 2003ರ ಹೊತ್ತಿಗೆ ಮೋಜಣಿದಾರರು ಅಳೆದು ಕಲ್ಲು ನೆಟ್ಟು, ಅಂತಿಮ ಡಿಕ್ರಿಯೂ ಆಗಿತ್ತು ಎಂದು ಹಿರಿಯ ವಕೀಲರಿಂದ ತಿಳಿಯಿತು.

ಇಷ್ಟಾದ ಎರಡೇ ವರ್ಷಕ್ಕೆ, 2005ರ ಸೆಪ್ಟೆಂಬರ್ 9ರಂದು, ಸಂಸತ್ತಿನ ತಿದ್ದುಪಡಿ ಇಡೀ ದೇಶಕ್ಕೆ ಜಾರಿಗೆ ಬಂತು. ಮದುವೆಯ ಷರತ್ತು ಹೋಯಿತು. ಮದುವೆಯಾದವಳೂ ಆಗದವಳೂ ಮಗನಂತೆಯೇ ಹುಟ್ಟಿನಿಂದ ಹಕ್ಕುಳ್ಳವರು. ಅದೇ ಒಂಬತ್ತು ಎಕರೆಯನ್ನು ಈ ಕಾಯಿದೆಯಂತೆ ಹಂಚಿದರೆ ಮೂವರಿಗೂ ಮೂರು ಮೂರು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆಗಿಹೋದ ವಿಭಾಗವನ್ನು ಈ ಕಾಯಿದೆ ಮತ್ತೆ ತೆರೆಯುವುದಿಲ್ಲ. ಆ ಅಕ್ಕನ ಪಾಲಿಗೆ ಒಂದು ಎಕರೆಯೇ ಕೊನೆ.

2005ರ ಕಾಯಿದೆಯೂ ಸುಲಭವಾಗಿ ಕೈಗೆ ಬರಲಿಲ್ಲ. ಅಪ್ಪ ಆ ದಿನಕ್ಕೆ ಬದುಕಿರಬೇಕೇ ಬೇಡವೇ ಎಂಬ ಹೊಸ ಜಗಳ ಹುಟ್ಟಿತು. ಕರ್ನಾಟಕದಿಂದಲೇ ಹೋದ ಎರಡು ದಾವೆಗಳಲ್ಲಿ ಸುಪ್ರೀಂ ಕೋರ್ಟು ಎರಡು ಬಗೆಯಾಗಿ ಹೇಳಿತು. 2015ರಲ್ಲಿ ಅಪ್ಪ ಬದುಕಿರಬೇಕೆಂದಿತು, 2018ರಲ್ಲಿ ಅಪ್ಪ ಮೊದಲೇ ತೀರಿಹೋಗಿದ್ದ ಮನೆಯ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಕೊನೆಗೆ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಗೆಹರಿಸಿತು. ಹಕ್ಕು ಹುಟ್ಟಿನಿಂದ ಬರುವುದರಿಂದ ಅಪ್ಪ 2005ರಲ್ಲಿ ಇದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದಿತು. ಆ ಹೆಂಗಸು ನಲ್ಲಿಯ ಹತ್ತಿರ ಕೇಳಿದ ಪ್ರಶ್ನೆಗೆ ಇಪ್ಪತ್ತೊಂದು ವರ್ಷದ ಮೇಲೆ ಬಂದ ಉತ್ತರ ಅದು. ಅವಳೂ ಮಗಳೇ.

ನಾನು ಇದನ್ನೆಲ್ಲ ಬರೆದದ್ದು ಓದುಗ ಸೋದರಿಯರನ್ನು ಅಣ್ಣತಮ್ಮಂದಿರ ಮೇಲೆ ಕೋರ್ಟಿಗೆ ಕಳಿಸಬೇಕೆಂದಲ್ಲ. ಇಷ್ಟು ವರ್ಷ ಕರಿಕೋಟು ತೊಟ್ಟ ಮೇಲೆ ಅಜ್ಜಿಯ ಗಾದೆಯಲ್ಲಿ ಎಷ್ಟು ಸತ್ಯವಿದೆ ಎಂದು ನನಗೂ ಗೊತ್ತು. ಪಾಲು ಬಿಟ್ಟುಕೊಡುವವರು ಬಿಟ್ಟುಕೊಡಲಿ. ಬಿಡುತ್ತಿರುವುದು ಏನನ್ನು, ಎಷ್ಟನ್ನು ಎಂದು ತಿಳಿದು ಬಿಡಲಿ. ಅರಿಶಿನ ಕುಂಕುಮದ ತಟ್ಟೆಯ ಕೆಳಗೆ ಯಾವುದಾದರೂ ಕಾಗದವಿದ್ದರೆ, ತಟ್ಟೆಯನ್ನು ಕಣ್ಣಿಗೊತ್ತಿಕೊಂಡು ಕಾಗದವನ್ನು ಓದಿಸಿ ಕೇಳಲಿ.

ಇನ್ನೊಂದು ಮಾತು. ನಿಮ್ಮ ಊರಿನಲ್ಲೂ ಕೋರ್ಟು ಇರುತ್ತದೆ. ಸಂತೆಗೆ, ಬ್ಯಾಂಕಿಗೆ ಹೋದಾಗ ಅರ್ಧ ಗಂಟೆ ಬಿಡುವು ಮಾಡಿಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕೂತು ನೋಡಿ. ಮಾತಾಡಬಾರದು, ಫೋನು ಕೂಗಿಸಬಾರದು, ಜಡ್ಜರು ಬಂದಾಗ ಎದ್ದು ನಿಲ್ಲಬೇಕು, ಅಷ್ಟೇ. ಕರ್ನಾಟಕ ಹೈಕೋರ್ಟಿನ ಕಲಾಪಗಳನ್ನು ಮನೆಯಲ್ಲೇ ಫೋನಿನಲ್ಲಿ ನೋಡುವ ಅನುಕೂಲವೂ ಈಗ ಬಂದಿದೆ. ಆದರೂ ಎದುರಿಗೆ ಕೂತು ನೋಡುವುದೇ ಬೇರೆ. ಕಷ್ಟ ಬಂದ ದಿನ ಮೊದಲ ಸಲ ಆ ಮೆಟ್ಟಿಲು ಹತ್ತುವವಳ ಕಾಲು ನಡುಗುತ್ತದೆ. ಮೊದಲೇ ಒಮ್ಮೆ ನೋಡಿ ಬಂದವಳಿಗೆ, ಕಟಕಟೆ ಎಲ್ಲಿದೆ, ಯಾರಿಗೆ ಕೈಮುಗಿಯಬೇಕು, ‘ಎಂದರೆ ಸರಿ’ ಎಂಬ ಮಾತಿಗೆ ಎಷ್ಟು ತೂಕ ಎಂಬುದಾದರೂ ಗೊತ್ತಿರುತ್ತದೆ.

ಹಾಗೆಯೇ, ಮನೆ ಸುಣ್ಣ ಬಳಿಯುವಾಗ ಹಳೆಯ ಲಗ್ನಪತ್ರಿಕೆಗಳನ್ನು ಒಲೆಗೆ ಹಾಕಬೇಡಿ.